ಅನ್ನ ಬಿಟ್ಟು ಮುದ್ದೆ ಹಿಡಿದರೂ ಶುಗರ್ ಇಳಿಯದಿದ್ದರೆ

ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ತಿಂದರೂ ಶುಗರ್ ಇಳಿದಿಲ್ಲ, ತೂಕ ಇಳಿಸಿದರೆ ಮಾತ್ರೆ ನಿಲ್ಲಬಹುದಾ ಎಂದು ಕೇಳಿದ್ದೀರಿ. ನಿಮಗೆ ಶುಗರ್ ಬಂದು ಎರಡೇ ವರ್ಷ, ತೂಕವೂ ಜಾಸ್ತಿ ಇದೆ. ಹಾಗಾಗಿ ನಿಲ್ಲುವ ಸಾಧ್ಯತೆ ನಿಜಕ್ಕೂ ಇದೆ.

ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಇದೆ, ಒಪ್ಪೋಣ. ಆದರೆ ಅದರಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ದೊಡ್ಡ ಮುದ್ದೆ ಉಂಡರೆ ಶುಗರ್ ಏರುತ್ತದೆ. ಮುದ್ದೆ ಚಿಕ್ಕದಾಗಲಿ, ಸೊಪ್ಪು, ಕಾಳು, ಮೊಟ್ಟೆ ಹೆಚ್ಚಲಿ.

ನನ್ನ ಪ್ರಕಾರ ಧಾನ್ಯ ಬದಲಿಸುವುದಕ್ಕಿಂತ ತೂಕವೇ ಮುಖ್ಯ. ಲಿವರ್ ಮತ್ತು ಇನ್ಸುಲಿನ್ ತಯಾರಿಸುವ ಮೇದೋಜೀರಕದಲ್ಲಿ ಕೊಬ್ಬು ಸೇರಿದಾಗ ಇನ್ಸುಲಿನ್ ಕೆಲಸ ಕೆಡುತ್ತದೆ. ತೂಕ ಇಳಿಸಿದರೆ ಶುಗರ್ ಹತೋಟಿಗೆ ಬರುತ್ತದಾ ಎಂದು ಬ್ರಿಟನ್ನಿನ ‘ಡೈರೆಕ್ಟ್’ ಎಂಬ ಅಧ್ಯಯನ ಪರೀಕ್ಷಿಸಿತು. ಫಲಿತಾಂಶ 2017ರಲ್ಲಿ ಬಂತು. ಕಾಯಿಲೆ ಬಂದು 6 ವರ್ಷದೊಳಗಿದ್ದ, ಇನ್ಸುಲಿನ್ ತೆಗೆದುಕೊಳ್ಳದವರಿಗೆ 3ರಿಂದ 5 ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಕೊಟ್ಟರು. ವರ್ಷದ ಕೊನೆಗೆ ಅವರಲ್ಲಿ ಶೇ. 46 ಮಂದಿಗೆ ಮಾತ್ರೆಯಿಲ್ಲದೆಯೇ ಶುಗರ್ ಹತೋಟಿಗೆ ಬಂದಿತ್ತು. 15 ಕೆಜಿ ಅಥವಾ ಅದಕ್ಕಿಂತ ಜಾಸ್ತಿ ಇಳಿಸಿದವರಲ್ಲಿ ಶೇ. 86! ಆದರೆ ತೂಕ ಮರಳಿದರೆ ಶುಗರ್ ಕೂಡ ಮರಳಬಹುದು.

ದಯವಿಟ್ಟು ಇಷ್ಟು ಕಡಿಮೆ ಊಟವನ್ನು ಸುಮ್ನೆ ಮನೆಯಲ್ಲೇ ಶುರು ಮಾಡಬೇಡಿ. ನೀವು ತೆಗೆದುಕೊಳ್ಳುತ್ತಿರುವುದಾಗಿ ಹೇಳಿದ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ನುಂಗಿ ಊಟ ಕಡಿಮೆ ಮಾಡಿದರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೊದಲು ಡಾಕ್ಟರ್ ಹತ್ತಿರ ಮಾತಾಡಿ, ಡೋಸ್ ಅವರೇ ಇಳಿಸಲಿ. ಮೂರು ತಿಂಗಳಿಗೊಮ್ಮೆ, ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ.