ಏಳು ಜನ ಒಂದೇ ಕ್ಯಾಂಪರ್‌ವ್ಯಾನ್‌ನಲ್ಲಿ ಮೂರು ತಿಂಗಳು ಸ್ಪೇನ್, ಪೋರ್ಚುಗಲ್ ಸುತ್ತಬಹುದೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ನೀವಿಬ್ಬರು, 4, 8, 11 ವರ್ಷದ ಮೂವರು ಮಕ್ಕಳು, ಊರಿಂದ ಬರುವ ಅತ್ತೆ-ಮಾವ. ವಾಸ ಇಂಗ್ಲೆಂಡಿನಲ್ಲಿ. ಜನವರಿ ಕೊನೆಗೆ ಹೊರಟು ಏಪ್ರಿಲ್‌ವರೆಗೆ ನಿಧಾನವಾಗಿ ಸುತ್ತುವ ಯೋಚನೆ. ‘ಏಳು ಜನ ಮಲಗುವ 3,500 ಕೆ.ಜಿ.ಯ ಗಾಡಿ ಸಿಕ್ಕಿದೆ, ತಗೊಳ್ಳೋದಾ?’

ತೂಕದ ಲೆಕ್ಕ ನೋಡುವವರೆಗೆ ಮುಂಗಡ ಕೊಡಬೇಡಿ. ಮಾರುವವರು ಹಾಸಿಗೆ ಎಣಿಸಿ ತೋರಿಸುತ್ತಾರೆ. ನೀವು ಎಣಿಸಬೇಕಾದದ್ದು ಸೀಟ್ ಬೆಲ್ಟು ಮತ್ತು ಕೆ.ಜಿ.

3,500 ಕೆ.ಜಿ. ಅಂದರೆ ಜನ, ಸಾಮಾನು ಎಲ್ಲ ತುಂಬಿದ ಮೇಲೂ ಗಾಡಿ ಮೀರಬಾರದ ಒಟ್ಟು ತೂಕ. ಇಂಥ ಗಾಡಿಯ ಖಾಲಿ ತೂಕ ಸಾಮಾನ್ಯವಾಗಿ 3,000 ಕೆ.ಜಿ. ಆಸುಪಾಸು. ಅದರಲ್ಲಿ 75 ಕೆ.ಜಿ.ಯ ಡ್ರೈವರ್, ಡೀಸೆಲ್, ಒಂದು ಗ್ಯಾಸ್ ಸಿಲಿಂಡರ್ ಸೇರಿರುತ್ತವೆ. ಉಳಿಯುವುದು 500. ಇನ್ನು ಮೂವರು ದೊಡ್ಡವರಿಗೆ 210, ಮೂವರು ಮಕ್ಕಳಿಗೆ ಸುಮಾರು 80 ಕಳೆಯಿರಿ. ಉಳಿದದ್ದು 210. ಕಂಪನಿಯ ಲೆಕ್ಕದಲ್ಲಿ ನೀರು ಬರೀ 20 ಲೀಟರ್ ಎಂದು ಹಿಡಿದಿರುವುದೇ ಹೆಚ್ಚು. 100 ಲೀಟರ್ ತುಂಬಿಸಿದರೆ ಮತ್ತೆ 80 ಹೋಯಿತು. ಬಿಚ್ಚುವ ಚಪ್ಪರ 25 ರಿಂದ 30 ಕೆ.ಜಿ., ಎರಡನೇ ಸಿಲಿಂಡರ್ 20ರ ಮೇಲೆ. ಏಳು ಜನರ ಬಟ್ಟೆ, ಹೊದಿಕೆ ತಲೆಗೆ 10 ಕೆ.ಜಿ. ಅಂದರೂ 70. ಅಲ್ಲಿಗೆ ಹೆಚ್ಚುಕಡಿಮೆ ಸೊನ್ನೆ. ಅಕ್ಕಿ, ಕುಕ್ಕರ್, ಮಕ್ಕಳ ಸೀಟು, ಮಡಿಸುವ ಕುರ್ಚಿ ಇನ್ನೂ ಹೊರಗೇ ಇವೆ!

ಒಟ್ಟು ತೂಕ ಸರಿ ಇದ್ದರೂ ಹಿಂದಿನ ಆಕ್ಸಲ್ ಮೀರುವುದುಂಟು. ಹಿಂಬದಿಯ ಡಿಕ್ಕಿಯಲ್ಲಿಟ್ಟ ಭಾರ ಸನ್ನೆಗೋಲಿನ ಹಾಗೆ ಕೆಲಸ ಮಾಡುತ್ತದೆ. ಚಕ್ರಗಳ ಅಂತರ 4 ಮೀಟರ್ ಇದ್ದು, ಹಿಂದಿನ ಚಕ್ರದಿಂದ ಒಂದೂವರೆ ಮೀಟರ್ ಆಚೆ 100 ಕೆ.ಜಿ. ಇಟ್ಟರೆ, ಹಿಂದಿನ ಆಕ್ಸಲ್ ಮೇಲೆ ಬೀಳುವುದು 137 ಕೆ.ಜಿ. ಅಷ್ಟೇ ಅಲ್ಲ, ಮುಂದಿನ ಆಕ್ಸಲ್ 37 ಕೆ.ಜಿ. ಹಗುರವಾಗುತ್ತದೆ. ಈ ಗಾಡಿಗಳಲ್ಲಿ ಎಳೆಯುವುದು ಹೆಚ್ಚಾಗಿ ಮುಂದಿನ ಚಕ್ರಗಳೇ. ಒದ್ದೆ ಹುಲ್ಲಿನಲ್ಲಿ ಅವು ಸುಮ್ಮನೆ ತಿರುಗಿ ಹೂತುಹೋಗುವುದಕ್ಕೆ ಅರ್ಧ ಕಾರಣ ಇದು. ಹೊರಡುವ ಮುನ್ನ ಎಲ್ಲರನ್ನೂ ಕೂರಿಸಿಕೊಂಡು, ಎಲ್ಲ ತುಂಬಿಕೊಂಡು ವೇಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರ, ಆಮೇಲೆ ಪೂರ್ತಿ ಗಾಡಿ, ಕೊನೆಗೆ ಹಿಂದಿನ ಚಕ್ರ. ಮೂರೂ ಚೀಟಿ ಇಟ್ಟುಕೊಳ್ಳಿ.

3,500 ದಾಟಿದ ಗಾಡಿ ಬೇಕಾದರೆ ಲೈಸೆನ್ಸ್‌ನಲ್ಲಿ ಸಿ1 ಎಂಬ ದರ್ಜೆ ಇರಬೇಕು. ಬ್ರಿಟನ್ನಿನಲ್ಲಿ 1997ಕ್ಕೆ ಮುಂಚೆ ಕಾರಿನ ಪರೀಕ್ಷೆ ಪಾಸಾದವರಿಗೆ ಅದು ಜೊತೆಗೇ ಬಂದಿದೆ. ಉಳಿದವರು ಬೇರೆ ಪರೀಕ್ಷೆ ಪಾಸಾಗಬೇಕು.

ಬೆಲ್ಟಿನ ವಿಷಯ. ಏಳು ಹಾಸಿಗೆಯ ಗಾಡಿಯಲ್ಲಿ ಏಳು ಬೆಲ್ಟು ಅಪರೂಪ, ನಾಲ್ಕೋ ಆರೋ ಇರುತ್ತವೆ. ಅಡ್ಡಡ್ಡ ಕೂರುವ ಸೋಫಾವನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಸ್ಪೇನ್‌ನಲ್ಲಿ 135 ಸೆಂ.ಮೀ. ವರೆಗಿನ ಮಕ್ಕಳಿಗೆ ಪ್ರತ್ಯೇಕ ಸೀಟು ಕಡ್ಡಾಯ, ಪೋರ್ಚುಗಲ್‌ನಲ್ಲೂ 12 ವರ್ಷದೊಳಗಿನವರಿಗೆ ಅದೇ ಎತ್ತರ. ಹಳೆಯ ಗಾಡಿಗಳಲ್ಲಿ ಹಿಂದಕ್ಕೆ ಮುಖ ಮಾಡಿದ ಸೀಟಿಗೆ ಸೊಂಟದ ಪಟ್ಟಿ ಮಾತ್ರ ಇರುತ್ತದೆ. ನಾಲ್ಕು ವರ್ಷದ ಮಗುವಿನ ಸೀಟನ್ನು ಅಲ್ಲಿ ಕಟ್ಟುವ ಹಾಗಿಲ್ಲ.

ಹಾಗಾಗಿ ನನ್ನ ಸಲಹೆ ನೇರ: ಐದು ಬೆಲ್ಟಾದರೂ ಇರುವ ಮೋಟರ್‌ಹೋಮ್ ಒಂದು, ಜೊತೆಗೆ ನಿಮ್ಮ ಮಾಮೂಲಿ ಕಾರು. ಇಬ್ಬರೂ ಡ್ರೈವ್ ಮಾಡಿ. ಅತ್ತೆ-ಮಾವ ಕಾರಿನಲ್ಲಿ ಬರಲಿ, ರಾತ್ರಿ ಕ್ಯಾಂಪ್‌ಸೈಟ್‌ನಲ್ಲೇ ಸಿಗುವ ಬಂಗಲೆಯಲ್ಲಿ ಮಲಗಲಿ. ಸ್ಪೇನ್‌ನಲ್ಲಿ ಅದನ್ನು ‘ಬುಂಗಲೋ’ ಅಂತಲೇ ಕರೆಯುತ್ತಾರೆ. ಚಳಿಗಾಲದಲ್ಲಿ ವಾರದ ಬಾಡಿಗೆ ಇಳಿದಿರುತ್ತದೆ. ಹಡಗಿನ ಟಿಕೆಟ್ ಒಂದು ಹೆಚ್ಚಾಗುತ್ತದೆ, ನಿಜ. ಆದರೆ ಡ್ರೈವರ್ ಸೀಟಿನ ಮೇಲಿನ ಅಟ್ಟಕ್ಕೆ ಎಪ್ಪತ್ತರ ಹಿರಿಯರು ರಾತ್ರಿ ಎರಡು ಸಲ ಏಣಿ ಹತ್ತಿ ಇಳಿಯುವುದನ್ನು ಯೋಚಿಸಿ. ಇನ್ನೊಂದು ಲಾಭ: ಒಂದು ಜಾಗಕ್ಕೆ ಗರಿಷ್ಠ ಆರು ಜನ ಎಂಬ ನಿಯಮ ಎಷ್ಟೋ ಕ್ಯಾಂಪ್‌ಸೈಟ್‌ಗಳಲ್ಲಿದೆ. ಏಳನೆಯವರಿಗಾಗಿ ಎರಡನೇ ಜಾಗ ಕೊಳ್ಳುವ ಬದಲು ಬಂಗಲೆ ವಾಸಿ. ಕ್ಯಾಂಪ್‌ಸೈಟ್ ಬಾಡಿಗೆಗೆ ಸಿಗುವ ಎಸಿಎಸ್‌ಐ ರಿಯಾಯಿತಿ ಕಾರ್ಡು ಇಬ್ಬರು ದೊಡ್ಡವರ ದರಕ್ಕೆ ಮಾಡಿದ್ದು, ದೊಡ್ಡ ಕುಟುಂಬಕ್ಕೆ ಅದರಿಂದ ಉಳಿಯುವುದು ಕಡಿಮೆ.

ನೀರು, ಕಕ್ಕಸು. ತಲೆಗೆ 15 ಲೀಟರ್‌ನಂತೆ ಏಳು ಜನಕ್ಕೆ ದಿನಕ್ಕೆ 105, ಅಂದರೆ ಒಂದು ಟ್ಯಾಂಕು. ಬಚ್ಚಲು ನೀರಿನ ಟ್ಯಾಂಕೂ ಅಷ್ಟರಲ್ಲೇ ತುಂಬುತ್ತದೆ. ಕಕ್ಕಸಿನ ಕ್ಯಾಸೆಟ್ 18 ಲೀಟರ್ ಆಸುಪಾಸು. ಇಬ್ಬರಿಗೆ ಮೂರು ದಿನ ಬರುವುದು ಏಳು ಜನಕ್ಕೆ ಒಂದೇ ದಿನ. ಅದಕ್ಕೇ ಕ್ಯಾಂಪ್‌ಸೈಟ್‌ನಲ್ಲಿ ಐದಾರು ರಾತ್ರಿ ಒಂದೇ ಕಡೆ ನಿಂತು ಅಲ್ಲಿನ ಸ್ನಾನದಮನೆ ಬಳಸಿ, ಜಾಗ ಬದಲಿಸುವಾಗ ಮಾತ್ರ ಒಂದು ರಾತ್ರಿ ಮೋಟರ್‌ಹೋಮ್ ನಿಲ್ದಾಣದಲ್ಲಿ ಉಳಿಯುವ ಲಯ ಹಿಡಿಯಿರಿ. ಕ್ಯಾಸೆಟ್ ಖಾಲಿ ಮಾಡಿದ ಮೇಲೆ ಎರಡು ಲೀಟರ್ ನೀರು, ಅಳತೆಯಷ್ಟು ದ್ರಾವಣ ಹಾಕಿ. ಒಣಗಿದ ಕ್ಯಾಸೆಟ್ ಹಿಡಿದುಕೊಂಡರೆ ತೊಳೆಯುವುದು ನರಕ. ಕುಡಿಯುವ ನೀರಿನ ನಲ್ಲಿಯಲ್ಲಿ ಅದನ್ನು ಜಾಲಿಸಬೇಡಿ. ಬೇರೆಯವರು ಜಾಲಿಸಿರಬಹುದು ಎಂದುಕೊಂಡು ನಿಮ್ಮ ಪೈಪು ಸಿಕ್ಕಿಸುವ ಮುನ್ನ ನಲ್ಲಿಯ ಬಾಯಿ ಒರೆಸಿ, ಅರ್ಧ ನಿಮಿಷ ನೀರು ಹರಿಯಲು ಬಿಡಿ.

ಜನವರಿಯಲ್ಲಿ ಎಲ್ಲರೂ ಬೇಸ್ತು ಬೀಳುವುದು ಒಂದು ಸಣ್ಣ ವಾಲ್ವ್‌ನಿಂದ. ರಾತ್ರಿ ಮಲಗುವಾಗ ಬಿಸಿನೀರಿತ್ತು, ಬೆಳಿಗ್ಗೆ ಇಲ್ಲ, ಗಾಡಿಯ ಕೆಳಗೆ ಒದ್ದೆ. ಸೋರಿಕೆ ಅಂದುಕೊಂಡು ಮೆಕ್ಯಾನಿಕ್ ಹುಡುಕಲು ಹೋಗುತ್ತಾರೆ. ಟ್ರೂಮಾ ಕಂಪನಿಯ ಬಾಯ್ಲರ್ ಇದ್ದರೆ ಅದರ ಪಕ್ಕ ಫ್ರಾಸ್ಟ್‌ಕಂಟ್ರೋಲ್ ವಾಲ್ವ್ ಇರುತ್ತದೆ. ಅಲ್ಲಿನ ಉಷ್ಣಾಂಶ 3 ಡಿಗ್ರಿಗೆ ಇಳಿದರೆ, ಬಾಯ್ಲರ್ ಹೆಪ್ಪುಗಟ್ಟಿ ಒಡೆಯದಿರಲಿ ಎಂದು ಅದು ತಾನಾಗಿ ತೆರೆದುಕೊಂಡು ನೀರು ಚೆಲ್ಲುತ್ತದೆ. 7 ಡಿಗ್ರಿ ದಾಟುವವರೆಗೆ ಮುಚ್ಚಿಕೊಳ್ಳುವುದಿಲ್ಲ. ಗಾಡಿ ಬೆಚ್ಚಗಾದ ಮೇಲೆ ಗುಂಡಿ ತಿರುಗಿಸಿ, ಒತ್ತಿ ಕೂರಿಸಿ, ಆಮೇಲೆ ನೀರು ತುಂಬಿ. ಬಟ್ಟೆ ಕ್ಲಿಪ್ ಸಿಕ್ಕಿಸಿ ಅದನ್ನು ತೆರೆಯದಂತೆ ಕಟ್ಟಿಹಾಕುವ ಜಾಣತನ ಬೇಡ, ಬಾಯ್ಲರ್ ಹೋದರೆ ದೊಡ್ಡ ಖರ್ಚು.

ಚಳಿಯ ಇನ್ನೊಂದು ಕಾಟ ತೇವ. ಮುಚ್ಚಿದ ಗಾಡಿಯಲ್ಲಿ ಐದು ಜನ ಉಸಿರಾಡಿದರೆ ಬೆಳಗಾಗುವುದರೊಳಗೆ ಲೀಟರ್ ಮೀರಿ ನೀರು ಗಾಳಿಗೆ ಸೇರುತ್ತದೆ. ಅದು ಗಾಜಿನ ಮೇಲೆ ಕಾಣುತ್ತದೆ, ಹಾಸಿಗೆಯಡಿ ಕಾಣುವುದಿಲ್ಲ. ಹದಿನೈದು ದಿನ ಬಿಟ್ಟು ಎತ್ತಿ ನೋಡಿದರೆ ಪ್ಲೈವುಡ್ ಮೇಲೆ ಕಪ್ಪು ಬೂಷ್ಟು. ಹಾಸಿಗೆಯಡಿ ಗಾಳಿಯಾಡುವ ಜಾಲರಿ ಹಾಸಿ, ದಿನಾ ಬೆಳಿಗ್ಗೆ ಹಾಸಿಗೆ ಎತ್ತಿ ನಿಲ್ಲಿಸಿ, ಚಾವಣಿಯ ಕಿಂಡಿ ರಾತ್ರಿ ಎರಡು ಬೆರಳಷ್ಟು ತೆರೆದಿಡಿ. ಚಳಿ ಅಂತ ಅಡಿಗಂಡಿಗೆ ಬಟ್ಟೆ ತುರುಕಬೇಡಿ. ಅದು ಗ್ಯಾಸ್ ಸೋರಿದರೆ ಹೊರಹೋಗಲು ಬಿಟ್ಟ ದಾರಿ.

ಗ್ಯಾಸ್: ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್‌ಗೆ ಆ ತೊಂದರೆ ಇಲ್ಲ. ಬ್ರಿಟನ್ನಿನ ಸಿಲಿಂಡರನ್ನು ಸ್ಪೇನ್‌ನಲ್ಲಿ ಬದಲಾಯಿಸಿ ಕೊಡುವುದಿಲ್ಲ. ಎಲ್ಲೆಡೆ ಸಿಗುವ ನೀಲಿ ಕ್ಯಾಂಪಿಂಗ್‌ಗ್ಯಾಸ್ 907ರಲ್ಲಿ ಇರುವುದು 2.75 ಕೆ.ಜಿ. ಬ್ಯೂಟೇನ್, ದರವೂ ಜಾಸ್ತಿ. ಮೂರು ತಿಂಗಳಿಗಾದರೆ ಪಂಪಿನಲ್ಲಿ ತುಂಬಿಸುವ ಸಿಲಿಂಡರ್ ಜೋಡಿಸಿ. 80 ಶೇಕಡಕ್ಕೆ ತಾನೇ ನಿಲ್ಲುವ ವಾಲ್ವ್ ಇರಲೇಬೇಕು. ಸ್ಪೇನ್‌ನ ಪಂಪುಗಳಿಗೆ ಯೂರೋ ನಾಜಲ್ ಅಡಾಪ್ಟರ್, ದಾರಿಯಲ್ಲಿ ಫ್ರಾನ್ಸ್ ಇದ್ದರೆ ಡಿಶ್ ಅಡಾಪ್ಟರ್ ಬೇಕು. ಸ್ಪೇನ್‌ನ ಪಂಪಿನ ಬೋರ್ಡಿನಲ್ಲಿ ಎಲ್‌ಪಿಜಿ ಬದಲು ‘ಜಿಎಲ್‌ಪಿ’ ಎಂದಿರುತ್ತದೆ.

ಕರೆಂಟು ಕೆಲವು ಕಡೆ 6 ಆಂಪಿಯರ್ ಮಾತ್ರ, ಅಂದರೆ 1,380 ವ್ಯಾಟ್. ಮಿಕ್ಸಿ ತಿರುಗುತ್ತದೆ, ಆದರೆ ಹೀಟರ್ ಜೊತೆಗಲ್ಲ. 2,000 ವ್ಯಾಟ್ ಕೆಟಲ್ ಮನೆಯಲ್ಲೇ ಬಿಡಿ. 25 ಮೀಟರ್ ಕೇಬಲ್ಲನ್ನು ಸುರುಳಿಯಿಂದ ಪೂರ್ತಿ ಬಿಚ್ಚಿ, ಸುತ್ತಿದ್ದ ಹಾಗೇ ಬಳಸಿದರೆ ಕಾದು ಕರಗುತ್ತದೆ.

ಅಡುಗೆಗೆ ಏಳೂವರೆ ಲೀಟರ್ ಕುಕ್ಕರ್ ಬೇಕು. ಅಂಗಡಿಯಲ್ಲಿ ಕೊಳ್ಳುವ ಮೊದಲು ಗಾಡಿಯ ಒಲೆಯ ಮೇಲಿಟ್ಟು ನೋಡಿ. ಎರಡು ಬರ್ನರ್ ಅಂಟಿಕೊಂಡಿರುವುದರಿಂದ ದೊಡ್ಡ ಕುಕ್ಕರ್ ಇಟ್ಟರೆ ಪಕ್ಕದಲ್ಲಿ ಒಗ್ಗರಣೆ ಸೌಟಿಗೂ ಜಾಗ ಇರುವುದಿಲ್ಲ. ದೋಸೆ ಹಿಟ್ಟು ಚಳಿಗೆ ಹುಳಿಬರುವುದಿಲ್ಲ ಎಂದು ಕೈಬಿಡಬೇಡಿ, ಬಾಯ್ಲರ್ ಇರುವ ಕಪಾಟಿನಲ್ಲಿ ರಾತ್ರಿ ಇಡಿ. ಪಾತ್ರೆ ಅರ್ಧ ಮಾತ್ರ ತುಂಬಿರಲಿ, ಇಲ್ಲದಿದ್ದರೆ ಉಕ್ಕಿ ವೈರಿಂಗ್ ಮೇಲೆ ಹರಿದೀತು. ಸೂಪರ್‌ಮಾರ್ಕೆಟ್‌ನ ‘ಅರ್ರೋಸ್ ರೆದೊಂದೊ’ ಗುಂಡಕ್ಕಿ ಮುದ್ದೆಯಾಗುತ್ತದೆ, ಮೊಸರನ್ನ, ಬಿಸಿಬೇಳೆಬಾತಿಗೆ ಹೇಳಿಮಾಡಿಸಿದ್ದು. ಉದುರಾದ ಅನ್ನಕ್ಕೆ ‘ಲಾರ್ಗೊ’. ತೊಗರಿಬೇಳೆ ಮ್ಯಾಡ್ರಿಡ್‌ನ ಲವಾಪಿಯೆಸ್, ಲಿಸ್ಬನ್‌ನ ಮಾರ್ಟಿಂ ಮೊನಿಶ್ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತದೆ. ಗ್ರಾನಡಾ ಕರಾವಳಿಯ ಅಲ್ಮುನೆಕಾರ್ ಕಡೆ ‘ಚಿರಿಮೋಯ’ ಕೇಳಿ. ಸೀತಾಫಲದ ದಾಯಾದಿ, ಅತ್ತೆ-ಮಾವನಿಗೆ ಗುರುತು ಹತ್ತುತ್ತದೆ.

ದಾರಿ: ಪೋರ್ಟ್ಸ್‌ಮತ್‌ನಿಂದ ಸಾಂತಾಂದೆರ್‌ಗೆ ಹಡಗು. ಅಲ್ಲಿಂದ ಎ-67, ಸಾಲಮಾಂಕಾ ದಾಟಿ ಎ-66 ಹಿಡಿದು ಸೆವಿಯ್ಯಾ, ಆಮೇಲೆ ಅಲ್ಗಾರ್ವ್. ಎ-67ರ ಪೊಸಾಸಾಲ್ ಘಾಟಿ 987 ಮೀಟರ್ ಎತ್ತರ, ಜನವರಿಯಲ್ಲಿ ಹಿಮ ಬೀಳುತ್ತದೆ. ಎರಡು ದಿನ ಕಾಯುವ ಪುರುಸೊತ್ತು ಇಟ್ಟುಕೊಳ್ಳಿ. ಹೆದ್ದಾರಿಯ ಪೆಟ್ರೋಲ್ ಬಂಕುಗಳ ಬಳಿ ಮಾತ್ರ ರಾತ್ರಿ ಮಲಗಬೇಡಿ, ಕಳ್ಳರಿಗೆ ಅದು ಗೊತ್ತಿರುವ ಜಾಗ. ಸ್ಪೇನ್‌ನಲ್ಲಿ ಗಾಡಿ ನಿಲ್ಲಿಸಿ ಒಳಗೆ ಮಲಗುವುದು ಪಾರ್ಕಿಂಗ್. ಚಪ್ಪರ ಬಿಚ್ಚಿದರೆ, ಕುರ್ಚಿ ಹೊರಗಿಟ್ಟರೆ, ಬಚ್ಚಲು ನೀರು ಬಿಟ್ಟರೆ ಅದು ಕ್ಯಾಂಪಿಂಗ್, ದಂಡ ಬೀಳುತ್ತದೆ. ಪೋರ್ಚುಗಲ್‌ನಲ್ಲಿ 2021ರ ತಿದ್ದುಪಡಿಯಿಂದ ಕರಾವಳಿ ವಲಯ ಮತ್ತು ಸಂರಕ್ಷಿತ ಪ್ರದೇಶಗಳಲ್ಲಿ ಗೊತ್ತುಪಡಿಸಿದ ಜಾಗದಲ್ಲಷ್ಟೇ ರಾತ್ರಿ ತಂಗಬಹುದು. ಉಳಿದೆಡೆ ಒಂದು ಪುರಸಭೆಯ ವ್ಯಾಪ್ತಿಯಲ್ಲಿ 48 ಗಂಟೆ. ಈಸ್ಟರ್ ವಾರಕ್ಕೆ ಮಾತ್ರ ಮೊದಲೇ ಬುಕ್ ಮಾಡಿ, ಆಂದಲುಸಿಯಾದಲ್ಲಿ ಆಗ ಜಾಗ ಸಿಗುವುದಿಲ್ಲ.

ಕಾಗದಪತ್ರ: ಷೆಂಗೆನ್‌ನಲ್ಲಿ, ಅಂದರೆ ಸ್ಪೇನ್, ಪೋರ್ಚುಗಲ್, ಫ್ರಾನ್ಸ್ ಎಲ್ಲ ಸೇರಿದ ಒಂದೇ ವೀಸಾದ ವಲಯದಲ್ಲಿ, 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಬ್ರಿಟಿಷ್ ಪಾಸ್‌ಪೋರ್ಟಿಗೂ ಇದೇ ಲೆಕ್ಕ. ಇಳಿದ ದಿನ, ಹೊರಟ ದಿನ ಎರಡೂ ಸೇರುತ್ತವೆ. ಜನವರಿ 25ಕ್ಕೆ ಇಳಿದರೆ, ಫೆಬ್ರವರಿಗೆ 28 ದಿನವಿರುವ ವರ್ಷದಲ್ಲಿ ಏಪ್ರಿಲ್ 24 ಕಡೆಯ ದಿನ. ಹಡಗು ರದ್ದಾದೀತು ಎಂದು ನಾಲ್ಕು ದಿನ ಮುಂಚಿನ ಟಿಕೆಟ್ ತಗೊಳ್ಳಿ. ಕ್ರಿಸ್‌ಮಸ್‌ಗೆ ಪ್ಯಾರಿಸ್‌ಗೆ ಹೋಗಿಬಂದ ದಿನಗಳೂ ಇದರಲ್ಲೇ. ಅತ್ತೆ-ಮಾವನ ಷೆಂಗೆನ್ ವೀಸಾ ಊರಲ್ಲಿರುವಾಗಲೇ ಮಾಡಿಸಿ. ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಹೆಚ್ಚು ದಿನ ಉಳಿಯುವ ದೇಶಕ್ಕೆ ಹಾಕಬೇಕು, 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಗಾಡಿಯ ವಿಮೆಯಲ್ಲಿ ಹೊರದೇಶದ ದಿನಗಳ ಮಿತಿ ಎಷ್ಟಿದೆ ನೋಡಿ. ನಂಬರ್ ಪ್ಲೇಟ್ ಹೇಗೇ ಇರಲಿ, ಸ್ಪೇನ್‌ನಲ್ಲಿ ‘ಯುಕೆ’ ಸ್ಟಿಕ್ಕರ್ ಬೇರೆಯಾಗಿ ಅಂಟಿಸಲೇಬೇಕು.

ಕೊನೆಗೆ, ಮನೆಯ ತುಪ್ಪ, ಹೆಪ್ಪಿನ ಮೊಸರು, ಕರಿಬೇವು ಕಟ್ಟಿಕೊಳ್ಳಬೇಡಿ. ಬ್ರಿಟನ್‌ನಿಂದ ಹಾಲಿನ ಪದಾರ್ಥ, ಹಸಿ ಸೊಪ್ಪು ಒಳಗೆ ಬಿಡುವುದಿಲ್ಲ, ಬಂದರಿನಲ್ಲೇ ಬಿಸಾಡಿಸುತ್ತಾರೆ. ಸಾಂತಾಂದೆರ್‌ನಲ್ಲಿ ಬೆಣ್ಣೆ ಕೊಂಡು ಕಾಯಿಸಿಕೊಳ್ಳಿ. ಡಬ್ಬಿಯ ಮೇಲೆ ‘ಮಾಂತೆಕಿಯಾ ಸಿನ್ ಸಾಲ್’ ಎಂದಿರಬೇಕು, ಉಪ್ಪಿಲ್ಲದ ಬೆಣ್ಣೆ ಅದು. ಅದರ ಪಕ್ಕದಲ್ಲೇ ಅಷ್ಟೇ ಬೆಳ್ಳಗೆ ‘ಮಾಂತೆಕಾ’ ಕೂತಿರುತ್ತದೆ. ಅದು ಹಂದಿ ಕೊಬ್ಬು.