ಉತ್ತರ: ಫೈಬರ್ ಹೋದರೂ 4ಜಿಗೆ ತಿರುಗದ ಪಿಎಫ್‌ಸೆನ್ಸ್

ಫೈಬರ್ ಹೋದಾಗ ಪಿಎಫ್‌ಸೆನ್ಸ್ (ಎರಡು ಇಂಟರ್ನೆಟ್ ಲೈನ್ ನಿಭಾಯಿಸಬಲ್ಲ ಫೈರ್‌ವಾಲ್ ಸಾಫ್ಟ್‌ವೇರ್) ತಾನಾಗಿ 4ಜಿಗೆ ಏಕೆ ತಿರುಗುತ್ತಿಲ್ಲ ಅಂತ ಕೇಳಿ ಕೊಡಗಿನ ನಾಪೋಕ್ಲಿನ ಹೋಂಸ್ಟೇ ಅಣ್ಣ ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ಸಿಲ್ವರ್ ಓಕ್ ಕೊಂಬೆ ಬಿದ್ದು ಫೈಬರ್ ತುಂಡು, ಇಡೀ ದಿನ ನೆಟ್ ಇಲ್ಲ, 4ಜಿ ರೂಟರ್ ಪಕ್ಕದಲ್ಲೇ ಸುಮ್ಮನೆ ಕೂತಿದೆ. ಆದರೂ ಎರಡೂ ಗೇಟ್‌ವೇ (ಹೊರಗಿನ ನೆಟ್‌ಗೆ ಹೋಗುವ ಬಾಗಿಲು) ಹಸಿರು, ಅಂದರೆ ಎಲ್ಲ ಸರಿ ಅಂತ ತೋರಿಸುತ್ತಿದೆ. ಬಾಕ್ಸ್ ಕೆಟ್ಟಿಲ್ಲ, ಹೊಸದು ತರಲು ಮೈಸೂರಿಗೆ ಓಡಬೇಡಿ. ಮಾನಿಟರ್ ಕಾಲಂನಲ್ಲಿ 192.168.1.1 ಅಂತ ಇದೆಯಲ್ಲ, ರೋಗ ಅಲ್ಲಿದೆ. ನಾನೂ ಮಾಡಿದ್ದ ತಪ್ಪೇ.

ಲೈನ್ ಬದುಕಿದೆಯೇ ಅಂತ ನೋಡಲು ಫೈರ್‌ವಾಲ್ ಒಂದು ವಿಳಾಸಕ್ಕೆ ಪಿಂಗ್ ಮಾಡುತ್ತ (ಕೂಗಿ ಉತ್ತರಕ್ಕೆ ಕಾಯುತ್ತ) ಇರುತ್ತದೆ, ಅದೇ ಮಾನಿಟರ್ ಐಪಿ. ಅದನ್ನು ಖಾಲಿ ಬಿಟ್ಟರೆ ಪಿಂಗ್ ಹೋಗುವುದು ಗೇಟ್‌ವೇಗೇ, ಅಂದರೆ ನಿಮ್ಮ ಗೋಡೆಯ ಮೇಲಿನ ಓಎನ್‌ಟಿಗೆ (ಫೈಬರ್ ಬಂದು ಸೇರುವ ಪೆಟ್ಟಿಗೆ). ಫೈಬರ್ ಎಲ್ಲಿ ಕಡಿದರೇನು, ಕರೆಂಟ್ ಇರುವವರೆಗೆ ಓಎನ್‌ಟಿ ಓಗೊಡುತ್ತಲೇ ಇರುತ್ತದೆ. ಸಿಸ್ಟಮ್, ರೂಟಿಂಗ್, ಗೇಟ್‌ವೇಸ್‌ಗೆ ಹೋಗಿ ಮಾನಿಟರ್ ಐಪಿಯಾಗಿ ಫೈಬರ್‌ಗೆ 8.8.8.8 (ಗೂಗಲ್‌ನ ಡಿಎನ್‌ಎಸ್), 4ಜಿಗೆ 1.1.1.1 (ಕ್ಲೌಡ್‌ಫ್ಲೇರ್‌ನದ್ದು) ಕೊಡಿ. ಎರಡಕ್ಕೂ ಒಂದೇ ವಿಳಾಸ ಕೊಡುವ ಹಾಗಿಲ್ಲ, ಏಕೆಂದರೆ ಪ್ರತಿ ಮಾನಿಟರ್ ಐಪಿಗೂ ಆಯಾ ವ್ಯಾನ್ (ಹೊರಗಿನ ಲೈನ್) ಮೂಲಕ ಸ್ಟಾಟಿಕ್ ರೂಟ್ (ಬದಲಾಗದ ದಾರಿ) ಬೀಳುತ್ತದೆ. ಅದೇ ಕಾರಣಕ್ಕೆ ಜನರಲ್ ಸೆಟಪ್‌ನಲ್ಲಿ ಡಿಎನ್‌ಎಸ್ (ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಎರಡೂ ಇರಲಿ. ಬರೀ 8.8.8.8 ಇಟ್ಟರೆ ಫೈಬರ್ ಹೋದಾಗ ಡಿಎನ್‌ಎಸ್ಸೂ ಅದರ ಜೊತೆಗೇ ಹೋಗಬಹುದು. ಆಗ 4ಜಿ ನಡೆಯುತ್ತಿದ್ದರೂ ಅತಿಥಿಗಳು ‘ನೆಟ್ ಇಲ್ಲ’ ಅಂತಲೇ ಬಂದು ನಿಲ್ಲುತ್ತಾರೆ.

ಆಮೇಲೆ ಗೇಟ್‌ವೇ ಗ್ರೂಪ್, ಅಂದರೆ ಯಾವ ಲೈನ್ ಮೊದಲು, ಅದು ಹೋದರೆ ಯಾವುದು ಅನ್ನುವ ಪಟ್ಟಿ. ಫೈಬರ್ ಟಿಯರ್ 1, 4ಜಿ ಟಿಯರ್ 2. ಟ್ರಿಗರ್‌ನಲ್ಲಿ ‘ಪ್ಯಾಕೆಟ್ ಲಾಸ್’ (ಪಿಂಗ್‌ಗೆ ಉತ್ತರ ತಪ್ಪುವುದು) ಮಾತ್ರ ಸಾಕು, ‘ಹೈ ಲೇಟೆನ್ಸಿ’ (ಉತ್ತರ ತಡವಾಗುವುದು) ಇರುವುದನ್ನು ಆರಿಸಬೇಡಿ. ಗ್ರೂಪ್ ಮಾಡಿ ಸೇವ್ ಒತ್ತಿ ಎದ್ದರೆ ಏನೂ ಆಗದು ಮಾರಾಯ್ರೆ, ಅದೇ ರೂಟಿಂಗ್ ಪುಟದ ಕೆಳಗೆ ಡಿಫಾಲ್ಟ್ ಗೇಟ್‌ವೇ ಜಾಗದಲ್ಲಿ ಆ ಗ್ರೂಪನ್ನೇ ಆರಿಸಬೇಕು. ಎರಡೂ ಲೈನನ್ನು ಟಿಯರ್ 1ಕ್ಕೆ ಹಾಕಿ ‘ಸ್ಪೀಡ್ ಡಬಲ್’ ಅಂತ ಹೇಳುವವರ ಮಾತು ಕೇಳಬೇಡಿ. ಒಬ್ಬರ ಡೌನ್‌ಲೋಡ್ ಡಬಲ್ ಆಗುವುದಿಲ್ಲ, ನಡುವೆ ಐಪಿ ಬದಲಾಗಿ ಬ್ಯಾಂಕ್ ಸೈಟ್ ಲಾಗೌಟ್ ಆಗುವುದು ಮಾತ್ರ ಗ್ಯಾರಂಟಿ.

4ಜಿ ಗೇಟ್‌ವೇಯ ಅಡ್ವಾನ್ಸ್ಡ್‌ನಲ್ಲಿ ಒಂದಿಷ್ಟು ಕೈಯಾಡಿಸಬೇಕು. ಡಿಫಾಲ್ಟ್‌ನಲ್ಲಿ ಪಿಂಗ್ 500 ಮಿಲಿಸೆಕೆಂಡಿಗೊಮ್ಮೆ, ಅಂದರೆ ದಿನಕ್ಕೆ 1,72,800. ಡೇಟಾ ಉಳಿಸುವ ಆಸೆಗೆ ಕೆಲವರು ಅದನ್ನು 10 ಸೆಕೆಂಡ್ ಮಾಡುತ್ತಾರೆ, ಅಲ್ಲೇ ಎಡವಟ್ಟು. ಲೆಕ್ಕ ಹಾಕುವುದು 60 ಸೆಕೆಂಡಿನ ಸರಾಸರಿ, ಅದರಲ್ಲಿ 6 ಪಿಂಗ್ ಮಾತ್ರ. ಒಂದು ತಪ್ಪಿದರೆ 16 ಶೇಕಡಾ ಲಾಸ್, ಎರಡು ತಪ್ಪಿದರೆ 33. ಡಿಫಾಲ್ಟ್ ಮಿತಿ 10 (ಎಚ್ಚರಿಕೆ) ಮತ್ತು 20 (ಲೈನ್ ಸತ್ತಿದೆ), ಹಾಗಾಗಿ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಲೈನ್ ಮಿನುಗುಹುಳದ ಹಾಗೆ ಹೋಗುತ್ತ ಬರುತ್ತ ಇರುತ್ತದೆ. ಪಿಂಗ್ ಅಂತರ, ಅಲರ್ಟ್ ಇಂಟರ್ವಲ್ ಎರಡನ್ನೂ 2000 ಮಿಲಿಸೆಕೆಂಡ್ ಇಡಿ, ಲಾಸ್ ಇಂಟರ್ವಲ್ (ಉತ್ತರಕ್ಕೆ ಕಾಯುವ ಹೊತ್ತು) 3000, ಲಾಸ್ ಮಿತಿ 20 ಮತ್ತು 40, ಲೇಟೆನ್ಸಿ 500 ಮತ್ತು 1000. ಪೀರಿಯಡ್ (ಸರಾಸರಿಯ ಅವಧಿ) 60000 ಹಾಗೇ ಇರಲಿ.

ಟೆಸ್ಟ್ ಮಾಡುವಾಗ ಫೈರ್‌ವಾಲ್‌ನ ಈಥರ್ನೆಟ್ ಕೇಬಲ್ ಕೀಳಬೇಡಿ. ಲಿಂಕ್ ಬಿದ್ದದ್ದು ಯಾವ ಬಾಕ್ಸಿಗೂ ಗೊತ್ತಾಗುತ್ತದೆ, ಅದು ಪರೀಕ್ಷೆಯೇ ಅಲ್ಲ. ಓಎನ್‌ಟಿಯ ಹಸಿರು ಕನೆಕ್ಟರ್ ಹಿಡಿದು ನೇರ ಎಳೆಯಿರಿ, ತುದಿಗೆ ಕ್ಯಾಪ್ ಹಾಕಿ, ಬೆರಳು ಮುಟ್ಟಿಸಬೇಡಿ, ಒಳಗೆ ಇಣುಕಲೂ ಬೇಡಿ. ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಎಲ್‌ಒಎಸ್ ದೀಪ (ಫೈಬರ್ ಸಿಗ್ನಲ್ ಇಲ್ಲ ಅನ್ನುವುದು) ಕೆಂಪು ಮಿನುಗಿದ ಮೇಲೆ ಸ್ಟೇಟಸ್, ಗೇಟ್‌ವೇಸ್ ತೆರೆದು ನೋಡುತ್ತಿರಿ. ಲಾಸ್ ಮೆಲ್ಲಗೆ ಏರಿ 20 ದಾಟಿದಾಗ ಕೆಂಪಾಗಬೇಕು. ಫೈಬರ್ ವಾಪಸ್ ಬಂದ ಮೇಲೂ ಹಳೇ ಕನೆಕ್ಷನ್‌ಗಳು 4ಜಿಯಲ್ಲೇ ಅಂಟಿಕೊಂಡಿರಬಹುದು, ಡಯಾಗ್ನಾಸ್ಟಿಕ್ಸ್‌ನಲ್ಲಿ ಸ್ಟೇಟ್ಸ್ (ನಡೆಯುತ್ತಿರುವ ಕನೆಕ್ಷನ್‌ಗಳ ಪಟ್ಟಿ) ರಿಸೆಟ್ ಮಾಡಿ.

ಸಿಸಿಟಿವಿ ಇದೆ ಅಂದಿದ್ದೀರಿ, ಅದು 4ಜಿ ಡೇಟಾ ತಿನ್ನಬಾರದು. ಎನ್‌ವಿಆರ್‌ಗೆ (ಕ್ಯಾಮೆರಾ ರೆಕಾರ್ಡರ್) ಫೈಬರ್ ಗೇಟ್‌ವೇ ಮಾತ್ರ ಕೊಟ್ಟು ಪಾಸ್ ರೂಲ್, ಅದರ ಕೆಳಗೇ ಬ್ಲಾಕ್ ರೂಲ್, ಎರಡೂ ಜನರಲ್ ರೂಲ್‌ಗಿಂತ ಮೇಲೆ. ಇಷ್ಟಕ್ಕೇ ಬಿಟ್ಟರೆ ಮೋಸ. ಗೇಟ್‌ವೇ ಸತ್ತಾಗ ಪಿಎಫ್‌ಸೆನ್ಸ್ ರೂಲನ್ನು ಉಳಿಸಿಕೊಂಡು ಗೇಟ್‌ವೇಯನ್ನಷ್ಟೇ ಕೈಬಿಡುತ್ತದೆ, ಕ್ಯಾಮೆರಾ ನೇರ 4ಜಿಗೆ ನುಗ್ಗಿ ದಿನದ ಡೇಟಾ ನುಂಗುತ್ತದೆ. ಅಡ್ವಾನ್ಸ್ಡ್, ಮಿಸಲೇನಿಯಸ್‌ನಲ್ಲಿ ‘ಸ್ಕಿಪ್ ರೂಲ್ಸ್ ವೆನ್ ಗೇಟ್‌ವೇ ಈಸ್ ಡೌನ್’ ಟಿಕ್ ಮಾಡಿ.

ಇನ್ನು ವಿಳಾಸ. ಪಿಎಫ್‌ಸೆನ್ಸ್ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಡಿಫಾಲ್ಟ್ 192.168.1.1, ಎಷ್ಟೋ ಓಎನ್‌ಟಿಗಳದ್ದೂ ಅದೇ. ಓಎನ್‌ಟಿ, 4ಜಿ, ಲ್ಯಾನ್ ಮೂರಕ್ಕೂ ಬೇರೆ ಬೇರೆ ಸಬ್‌ನೆಟ್ (ವಿಳಾಸಗಳ ಗುಂಪು) ಇರಲಿ, ಉದಾಹರಣೆಗೆ 192.168.11, 192.168.12, 192.168.50. ಸಾಧ್ಯವಾದರೆ ಓಎನ್‌ಟಿಯನ್ನು ಬ್ರಿಡ್ಜ್‌ಗೆ (ಸಿಗ್ನಲನ್ನು ಹಾಗೇ ದಾಟಿಸುವ ಮೋಡ್) ಹಾಕಿಸಿ ಪಿಪಿಪಿಒಇ (ಕಂಪನಿ ಕೊಟ್ಟ ಹೆಸರು-ಪಾಸ್‌ವರ್ಡ್‌ನ ಲಾಗಿನ್) ಫೈರ್‌ವಾಲ್‌ನಲ್ಲೇ ಡಯಲ್ ಮಾಡಿ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492. ಮನೆಗೆ ಹೊರಗಿನಿಂದ ವಿಪಿಎನ್ ಬೇಕಿದ್ದರೆ 4ಜಿ ನಂಬಬೇಡಿ, ಸಾಮಾನ್ಯವಾಗಿ ಸಿಜಿ-ನ್ಯಾಟ್ (ಒಂದೇ ಹೊರಗಿನ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುವುದು) ಇರುತ್ತದೆ, ಹೊರಗಿನಿಂದ ನೇರ ಒಳಗೆ ಬರಲಾಗದು. ನೆಟ್‌ವರ್ಕ್ ಪೋರ್ಟ್ ಇಂಟೆಲ್ ಚಿಪ್‌ನದ್ದೇ ಇರಲಿ. ಫ್ರೀಬಿಎಸ್‌ಡಿ (ಪಿಎಫ್‌ಸೆನ್ಸ್‌ನ ತಳದ ಆಪರೇಟಿಂಗ್ ಸಿಸ್ಟಮ್) ಮೇಲೆ ರಿಯಲ್‌ಟೆಕ್ ಚಿಪ್ ತಲೆನೋವು, ಯುಎಸ್‌ಬಿ ಡಾಂಗಲ್ ಅಂತೂ ಬೇಡವೇ ಬೇಡ.

ಎರಡನೇ ಲೈನ್ ಫೈಬರ್ ಹಾಕಿಸುವ ಯೋಚನೆ ಇದ್ದರೆ ಕಂಬ ನೋಡಿ. ಕಂಪನಿ ಬೇರೆಯಾದರೂ ಎರಡೂ ಸೆಸ್ಕ್‌ನ (ಕರೆಂಟ್ ಕಂಪನಿ) ಅದೇ ಕಂಬದ ಮೇಲೆ ಬಂದರೆ ಒಂದೇ ಮರಕ್ಕೆ ಎರಡೂ ಹೋಗುತ್ತವೆ. 4ಜಿ ರೂಟರ್ ಛಾವಣಿಯಲ್ಲಿದ್ದರೆ ಅಲ್ಲಿಂದ ಫೈರ್‌ವಾಲ್‌ಗೆ ತಾಮ್ರದ ಕೇಬಲ್ ಎಳೆಯಬೇಡಿ. ಒಂದು ಜೊತೆ ಮೀಡಿಯಾ ಕನ್ವರ್ಟರ್ (ತಾಮ್ರದ ಸಿಗ್ನಲನ್ನು ಬೆಳಕಿಗೆ, ಬೆಳಕನ್ನು ತಾಮ್ರಕ್ಕೆ ಬದಲಿಸುವ ಪೆಟ್ಟಿಗೆ) ಹಾಕಿ ನಡುವೆ ಫೈಬರ್ ಓಡಿಸಿ. ಏಪ್ರಿಲ್-ಮೇ ಸಿಡಿಲಿಗೆ ಛಾವಣಿಯ ಕನ್ವರ್ಟರ್ ಸುಟ್ಟರೂ ಆ ಕೇಬಲ್ ದಾರಿಯಲ್ಲಿ ಫೈರ್‌ವಾಲ್‌ವರೆಗೆ ಬರುವುದಿಲ್ಲ.