ಎದುರಾಳಿ ಪಕ್ಷಕ್ಕೆ ಬೆಂಬಲ: ಬದಲಾದದ್ದು ನಾಯಕನೋ, ಪಕ್ಷವೋ?

ಜೀವನವಿಡೀ ರಿಪಬ್ಲಿಕನ್ ಆಗಿದ್ದ ಅಮೆರಿಕದ ಮಾಜಿ ಉಪಾಧ್ಯಕ್ಷ ಡಿಕ್ ಚೆನಿ 2024ರಲ್ಲಿ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಕಮಲಾ ಹ್ಯಾರಿಸ್‌ಗೆ ಮತ ಹಾಕುವುದಾಗಿ ಘೋಷಿಸಿದ್ದು ರಿಪಬ್ಲಿಕನ್ ಪಕ್ಷದ ದಿಕ್ಕೇ ಬದಲಾದುದರ ಗುರುತೇ ಎಂದು ಕೇಳಿದ್ದೀರಿ.

ಬಹುಮಟ್ಟಿಗೆ ಹೌದು. ಇರಾಕ್ ಯುದ್ಧದ ಕಟ್ಟಾ ಸಮರ್ಥಕ ಚೆನಿ ರಾತ್ರೋರಾತ್ರಿ ಉದಾರವಾದಿಯಾಗಲಿಲ್ಲ. 2020ರ ಸೋಲನ್ನು ಟ್ರಂಪ್ ಒಪ್ಪದೆ ಹೋದದ್ದು ಅವರು ಕೊಟ್ಟ ಕಾರಣ. ಅಷ್ಟರಲ್ಲಿ ಪಕ್ಷವೂ ಮುಕ್ತ ವ್ಯಾಪಾರವನ್ನು ಬದಿಗಿಟ್ಟು ಆಮದು ಸುಂಕದ ಜಪ ಹಿಡಿದಿತ್ತು.

ನನಗೆ ಇದಕ್ಕಿಂತ ಸ್ವಾರಸ್ಯವೆನಿಸುವುದು ಅಮೆರಿಕದ ದಕ್ಷಿಣದ ರಾಜ್ಯ ಜಾರ್ಜಿಯಾದ ಡೆಮಾಕ್ರಟ್ ನಾಯಕ ಝೆಲ್ ಮಿಲ್ಲರ್ ಪ್ರಸಂಗ. 1992ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಡೆಮಾಕ್ರಟಿಕ್ ಸಮಾವೇಶದಲ್ಲಿ ಬಿಲ್ ಕ್ಲಿಂಟನ್ ಪರವಾಗಿ ಪ್ರಧಾನ ಭಾಷಣ ಮಾಡಿದವರು, 2004ರಲ್ಲಿ ಅದೇ ಸಭಾಂಗಣದ ರಿಪಬ್ಲಿಕನ್ ಸಮಾವೇಶದಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಪರ ಗುಡುಗಿದರು. ಹಾಗೆಂದು ಪಕ್ಷ ಬಿಡಲಿಲ್ಲ. ಪಕ್ಷವೇ ತಮ್ಮನ್ನು ಬಿಟ್ಟು ಎಡಕ್ಕೆ ಸರಿಯಿತು ಎಂಬುದು ಅವರ ದೂರು. ದಕ್ಷಿಣದ ಸಂಪ್ರದಾಯವಾದಿ ಬಿಳಿಯ ಮತದಾರರು ಅಷ್ಟುಹೊತ್ತಿಗೆ ರಿಪಬ್ಲಿಕನ್ನರ ಕಡೆ ವಾಲಿದ್ದರು. ಜನಾಂಗೀಯ ತಾರತಮ್ಯವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರ ವೇಗ ಪಡೆದ ವಲಸೆ ಅದು. ನಾಯಕರು ಮೈಕ್ ಹಿಡಿದು ಹೇಳುವ ಹೊತ್ತಿಗೆ ಮತದಾರರು ಎಂದೋ ಹೊರಟುಹೋಗಿದ್ದರು.

ಎಲ್ಲ ಬೆಂಬಲವನ್ನೂ ಹೀಗೆ ಓದಬೇಡಿ. 2008ರಲ್ಲಿ ಡೆಮಾಕ್ರಟ್ ಒಬಾಮರನ್ನು ಬೆಂಬಲಿಸಿದ ಮಾಜಿ ವಿದೇಶಾಂಗ ಸಚಿವ ಕಾಲಿನ್ ಪವೆಲ್ ಆಮೇಲೂ ಹಲವು ವರ್ಷ ರಿಪಬ್ಲಿಕನ್ ಆಗಿಯೇ ಉಳಿದರು.